ಬಾಗಿಲು ತೆಗೆದಳೋ ಇಲ್ಲವೋ

ಶಾಮಿಯಾನ ಪ್ರಕಾಶನ ಕೊರಳಿಗೆ ಆ ಪಟ್ಟಿ ಬೀಳುವವರೆಗೆ ಹುಣಸೆಕೊಪ್ಪಲಿನ ಜನಕ್ಕೆ ಇರಾನ್ ದೇಶದ ಮೇಲೆ ಯಾವ ತಕರಾರೂ ಇರಲಿಲ್ಲ.

ರಾಮನಗರ ಕಡೆಯ ಕೈಲಾಂಚದಿಂದ ಒಳಕ್ಕೆ ತಿರುಗಿದರೆ ಸಿಗುವ ಈ ಊರಿನಲ್ಲಿ ಪ್ರಕಾಶ ಮರ್ಯಾದೆಯಿಂದಲೇ ಬದುಕಿದ್ದವನು. ಮದುವೆ, ನಾಮಕರಣ, ತಿಥಿ, ಪಕ್ಷದ ಸಭೆ, ಏನೇ ಇರಲಿ, ಶಾಮಿಯಾನ ಹಾಕುತ್ತಿದ್ದ, ಕುರ್ಚಿ ಜೋಡಿಸುತ್ತಿದ್ದ, ಈಚೆಗೆ ದೊಡ್ಡದೊಂದು ಎಲ್‌ಇಡಿ ಪರದೆಯನ್ನೂ ನಿಲ್ಲಿಸುತ್ತಿದ್ದ. ಅಂಥವನಿಗೆ ಬೆಂಗಳೂರಿನ ಯಾವುದೋ ಸಿನಿಮಾ ಉತ್ಸವದಲ್ಲಿ ಊಟದ ಜಾಗಕ್ಕೆ ಶಾಮಿಯಾನ ಹಾಕುವ ಕೆಲಸ ಸಿಕ್ಕಿತು. ಒಳಗೆ ಹೊರಗೆ ಓಡಾಡಲು ತೊಂದರೆಯಾಗದಿರಲಿ ಎಂದು ಉತ್ಸವದವರು ಅವನ ಕೊರಳಿಗೂ ಪಟ್ಟಿಯೊಂದರಲ್ಲಿ ಪಾಸು ನೇತುಹಾಕಿದರು. ಕೆಲಸ ಮುಗಿಸಿದ ಪ್ರಕಾಶ ಎಸಿ ಇದೆಯಲ್ಲ ಎಂದು ಒಂದು ಹಾಲಿನೊಳಕ್ಕೆ ಹೊಕ್ಕು ಕೂತ. ಪರದೆಯ ಮೇಲೆ ಇರಾನಿನ ಚಿತ್ರ. ಮುದುಕನೊಬ್ಬ ನಗ್ಗಿದ ಕಾರಿನಲ್ಲಿ ಗುಡ್ಡದ ದಾರಿ ಹತ್ತುತ್ತಿದ್ದ. ಅವನು ಎರಡನೇ ತಿರುವು ದಾಟುವಷ್ಟರಲ್ಲಿ ಪ್ರಕಾಶನಿಗೆ ಗೊರಕೆ ಹತ್ತಿತ್ತು.

ಎಚ್ಚರವಾದಾಗ ಹಾಲಿನ ತುಂಬ ಚಪ್ಪಾಳೆ. ಪಕ್ಕದಲ್ಲಿದ್ದ ಗಡ್ಡದ ಮಹನೀಯರೊಬ್ಬರು ಕಣ್ಣೊರೆಸಿಕೊಳ್ಳುತ್ತ, "ಹೇಗನ್ನಿಸಿತು?" ಎಂದು ಕೇಳಿಬಿಟ್ಟರು.

"ಮೌನ ಚೆನ್ನಾಗಿತ್ತು ಸಾರ್" ಎಂದ ಪ್ರಕಾಶ. ನಿದ್ದೆ ಹೊಡೆದವನು ಬೇರೆ ಏನು ತಾನೇ ಹೇಳಿಯಾನು?

ಗಡ್ಡದವರು ಅವನ ಎರಡೂ ಕೈ ಹಿಡಿದುಕೊಂಡರು. ನಲವತ್ತು ಜನ ವಿಮರ್ಶಕರು ಬರೆಯಲಾಗದ್ದನ್ನು ನೀವು ಎರಡು ಪದದಲ್ಲಿ ಹೇಳಿದಿರಿ ಎಂದರು. ಕಾಫಿ ಕುಡಿಸಿ, ಇರಾನಿನ ನಿರ್ದೇಶಕರ ಮಹಿಮೆಯನ್ನೆಲ್ಲ ಕಿವಿಗೆ ಸುರಿದರು. ಅವರಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ. ಎಷ್ಟೋ ಸಲ ನಟರೂ ಇಲ್ಲ, ಬೀದಿಯಲ್ಲಿ ಹೋಗುವವರನ್ನೇ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಅದು ತೋರಿಸಬೇಡ ಇದು ತೋರಿಸಬೇಡ ಎಂದು ಅಲ್ಲಿನ ಸರ್ಕಾರ ಹೇಳಿ ಹೇಳಿ, ತೋರಿಸದೆಯೇ ಹೇಳುವ ವಿದ್ಯೆ ಅವರಿಗೆ ಕೈಹತ್ತಿದೆ. ಚಿತ್ರ ತೆಗೆಯಬಾರದೆಂದು ಒಬ್ಬರ ಮೇಲೆ ಹುಕುಂ ಆದರೆ ಅವರು ಮನೆಯೊಳಗೇ ಕೂತು ತೆಗೆದರಂತೆ. ಜಗತ್ತಿನ ನಿರ್ದೇಶಕರೆಲ್ಲ ಅವರಿಂದ ಪಾಠ ಕಲಿತಿದ್ದಾರೆ. "ಎಲ್ಲಕ್ಕಿಂತ ದೊಡ್ಡದು ಏನು ಗೊತ್ತಾ? ಕೊನೆಯನ್ನು ಅವರು ಪ್ರೇಕ್ಷಕನ ಕೈಗೆ ಕೊಡುತ್ತಾರೆ" ಎಂದು ಹೇಳಿ ಗಡ್ಡದವರು ಒಂದು ಪೆನ್‌ಡ್ರೈವ್ ಕೊಟ್ಟರು. ಚಿತ್ರ ಹಂಚುವ ಹಕ್ಕು ಅವರದ್ದೇ ಆಗಿತ್ತು. ನಿಮ್ಮೂರಲ್ಲೂ ತೋರಿಸಿ ಎಂದು ಹರಸಿ ಕಳುಹಿಸಿದರು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಪ್ರಕಾಶನಿಗೆ ಬಂದದ್ದು ಕೊರಳಪಟ್ಟಿ. ಅವನು ಅದನ್ನು ಹಾಕಿಕೊಂಡೇ ಡೇರಿಗೆ ಹೋದ, ಹಾಕಿಕೊಂಡೇ ಕ್ಷೌರ ಮಾಡಿಸಿಕೊಂಡ. ಕ್ಷೌರಿಕ ಒಸಿ ಪಕ್ಕಕ್ಕೆ ಸರಿಸಿಕೊಳ್ಳಿ ಅಂದರೆ ಕನ್ನಡಿಯೊಳಗಿನಿಂದ ಅವನನ್ನು ಕನಿಕರದಿಂದ ನೋಡಿದ. ಮನೆಯಲ್ಲಂತೂ ಮಾತೇ ನಿಂತುಹೋಯಿತು. ಹೆಂಡತಿ ಸುಚಿತ್ರಾ, "ಸಾರಿಗೆ ಉಪ್ಪು ಸಾಕಾ?" ಎಂದು ಕೇಳಿದರೆ ಇವನು ಕಿಟಕಿಯ ಆಚೆಗೆ ದೃಷ್ಟಿ ನೆಟ್ಟು ಕೂರುತ್ತಿದ್ದ. ಅನ್ನ ಆರಿದ ಮೇಲೆ, "ಸಾಕು" ಎನ್ನುತ್ತಿದ್ದ.

ಸುಚಿತ್ರಾ ಅದನ್ನೂ ಸಹಿಸಿಕೊಂಡಳು. ಸಹಿಸಲಾಗದ್ದು ನಡೆದದ್ದು ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ, ಅವಳ ಅಣ್ಣನ ಗೃಹಪ್ರವೇಶದ ದಿನ. ಮನೆಯ ಅಳಿಯ, ಪರದೆಯ ಮಾಲೀಕ, ಮೇಲಾಗಿ ಕೊರಳಲ್ಲಿ ಪಾಸು ಬೇರೆ; ವಿಡಿಯೊ ತೆಗೆಯುವ ಹೊಣೆ ಪ್ರಕಾಶನದಾಯಿತು. ಮರುವಾರ ಬೀಗರು ನೆಂಟರೆಲ್ಲ ಹೊಸ ಮನೆಯಲ್ಲಿ ಕಲೆತು ವಿಡಿಯೊ ಹಾಕಿಸಿದರು. ಮೊದಲಿಗೆ ಒಂದು ಖಾಲಿ ರಸ್ತೆ. ತುಂಬ ಹೊತ್ತು ಅದೇ ರಸ್ತೆ. ಆಮೇಲೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು. ಆಮೇಲೆ ಒಳಕ್ಕೆ ಬರಲೊಲ್ಲೆನೆಂದು ಹೊಸಿಲಲ್ಲಿ ಹಟ ಹಿಡಿದ ಹಸು, ಅದರಲ್ಲೂ ಮುಖ್ಯವಾಗಿ ಅದರ ಬಾಲ. ಹೋಮದ ಹೊಗೆ ಬಂತು, ಹೋಮ ಬರಲಿಲ್ಲ. ಪ್ರಕಾಶನ ಅತ್ತೆ ಅಂಬುಜಮ್ಮ ಆ ದಿನಕ್ಕೆಂದೇ ತೆಗೆಸಿದ್ದ ನೇರಳೆ ಬಣ್ಣದ ರೇಷ್ಮೆ ಸೀರೆಯ ಸೆರಗಿನ ತುದಿ ಮಾತ್ರ ಒಂದು ಸಲ ಮೂಲೆಯಿಂದ ಮೂಲೆಗೆ ಹಾದುಹೋಯಿತು.

"ಎಲ್ಲಪ್ಪಾ ನನ್ ಮಖ?" ಎಂದರು ಅಂಬುಜಮ್ಮ.

"ತೋರಿಸದೆ ಹೇಳಿದ್ದೀನಿ ಅತ್ತೆ" ಎಂದ ಅಳಿಯ. "ಹಸಾ ಒಳಗೆ ಬರಕಿಲ್ಲ ಅಂತದಲ್ಲ, ಅದರಲ್ಲೇ ನೀವಿದ್ದೀರಿ."

ಅಂಬುಜಮ್ಮ ಸೆರಗು ಕಚ್ಚಿಕೊಂಡು ಅತ್ತರು. ಸುಚಿತ್ರಾ ಅಳಲಿಲ್ಲ. "ನಮ್ಮವ್ವನ್ನ ಹಸಿನ ಬಾಲಕ್ಕೆ ಕಟ್ಟಿದ ಮನುಸನ ಜೊತೆ ನಾ ಬರಕಿಲ್ಲ" ಎಂದು ಅಲ್ಲೇ ಉಳಿದಳು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಪ್ರಕಾಶ ಊರಿಗೆ ಬಂದು ಒಬ್ಬನೇ ಉಂಡ, ಒಬ್ಬನೇ ಮಲಗಿದ. ಹಾಗೇ ದಿನ ಕಳೆದವು, ಜಗಳ ಇದ್ದಲ್ಲೇ ಇತ್ತು. ಹೋಗಿ ಕರೆಯೋಣವೆಂದರೆ ಕೊರಳಪಟ್ಟಿ ಅಡ್ಡ ಬರುತ್ತಿತ್ತು. ಊರಲ್ಲಿ ಕೇಳಿದವರಿಗೆ, "ಅವ್ರಣ್ಣನ ಮನೇಲಿ ಒಸಿ ಕೆಲ್ಸ ಐತೆ" ಎನ್ನುತ್ತಿದ್ದ. ಯಾರೂ ನಂಬಲಿಲ್ಲ.

ಇರಾನಿನ ಕಲೆಯನ್ನು ಒಂದು ಸಲ ಜನ ಕಣ್ಣಾರೆ ಕಂಡರೆ ಸುದ್ದಿ ತಿಪ್ಪಸಂದ್ರಕ್ಕೆ ಮುಟ್ಟುತ್ತದೆ, ಆಗ ಅವಳಿಗೇ ಬುದ್ಧಿ ಬರುತ್ತದೆ ಎಂದು ಪ್ರಕಾಶ ಲೆಕ್ಕ ಹಾಕಿದ. ಅಷ್ಟರಲ್ಲಿ ಹಾಲಿನ ಡೇರಿಯ ವಾರ್ಷಿಕ ಸಭೆ ಬಂತು. ಅಧ್ಯಕ್ಷ ಮುನಿಶಾಮಯ್ಯನವರನ್ನು ಹಿಡಿದು, ಸಭೆ ಮುಗಿದ ಮೇಲೆ ಒಂದು ಸಿನಿಮಾ ಎಂದು ಒಪ್ಪಿಸಿದ. ಬೋಂಡ ಮುಗಿಯುವವರೆಗೆ ಜನ ಕದಲಬಾರದು ಎನ್ನುವುದಷ್ಟೇ ಮುನಿಶಾಮಯ್ಯನವರ ಅಪೇಕ್ಷೆಯಾಗಿತ್ತು.

ಒಂದು ತೊಡಕಿತ್ತು. ಚಿತ್ರದ ಮಾತು ಪಾರಸಿ, ಕೆಳಗಿನ ಅಕ್ಷರ ಇಂಗ್ಲಿಷ್. ಅದಕ್ಕೆ ಪ್ರಕಾಶ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಗೆಳೆಯ ಅಮೀರ್‌ನನ್ನು ಕರೆತಂದು ಕೈಗೆ ಮೈಕು ಕೊಟ್ಟ. ಅಮೀರ್ ಮೊದಲೇ ಹೇಳಿದ: "ನೋಡಪ್ಪಾ, ನಮ್ದು ಉರ್ದು, ಅವ್ರದು ಬೇರೆ. ಹತ್ತು ಮಾತಲ್ಲಿ ಒಂದು ಗೊತ್ತಾಯ್ತದೆ. ಮಿಕ್ಕ ಒಂಬತ್ತು ನಾನು ದೋಸ್ತಿ ಮೇಲೆ ಹಾಕ್ತೀನಿ."

ಸಭೆ ಮುಗಿಯಿತು, ಬೋಂಡ ಬಂತು. ಪ್ರಕಾಶ ಪರದೆಯ ಮುಂದೆ ನಿಂತು ಗಡ್ಡದವರ ಮಾತನ್ನೆಲ್ಲ ಒಪ್ಪಿಸಿದ. ಬೀದಿಯಲ್ಲಿ ಹೋಗುವವರೇ ನಟರು ಎಂದ. "ಕೊನೆಯನ್ನ ಅವರು ನಿಮ್ಮ ಕೈಗೇ ಕೊಡ್ತಾರೆ" ಎಂದೂ ಹೇಳಿದ. ಬೋಂಡದ ಜೊತೆ ಅದೂ ಬರುತ್ತದೆ ಅಂದುಕೊಂಡು ಜನ ನೆಮ್ಮದಿಯಾಗಿ ಕೂತರು.

ಕತೆ ಶುರುವಾಯಿತು. ಮುದುಕನೊಬ್ಬನ ಹೆಂಡತಿ ಮುನಿಸಿಕೊಂಡು ಗುಡ್ಡದಾಚೆಯ ತವರಿಗೆ ಹೋಗಿದ್ದಾಳೆ. ಇವನು ನಗ್ಗಿದ ಕಾರಿನಲ್ಲಿ ಕರೆತರಲು ಹೊರಟಿದ್ದಾನೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಹತ್ತಿಸಿಕೊಳ್ಳುತ್ತಾನೆ, ಮಾತಾಡುತ್ತಾನೆ, ಇಳಿಸುತ್ತಾನೆ. ಉತ್ಸವದಲ್ಲಿ ನಿದ್ದೆಗೆ ಜಾರಿದ್ದ ಪ್ರಕಾಶನಿಗೆ ಇದೆಲ್ಲ ಹೊಸದು. ಕತೆ ತನ್ನ ಮನೆಗೇ ಬಂದದ್ದು ಕಂಡು ಅವನು ಕುರ್ಚಿಯಲ್ಲಿ ಕುಗ್ಗಿಕೊಂಡ. ಜನ ಮಾತ್ರ ಬೋಂಡ ಮರೆತರು. ಮುದುಕ ಕಿಟಕಿಯಾಚೆ ನೋಡಿದರೆ ಅಮೀರ್, "ಗಂಡ್ಸಿಗೆ ತಪ್ಪಾಯ್ತು ಅನ್ನಕ್ಕೆ ಬಾಯಿ ಬರಲ್ಲ ಅಂತಾವ್ನೆ" ಎನ್ನುತ್ತಿದ್ದ. ಮುದುಕ ಬರೀ ಕೆಮ್ಮಿದ್ದಕ್ಕೂ ಅಮೀರ್ ಮೂರು ವಾಕ್ಯ ಹೇಳಿದ. ಮುಂದಿನ ಸಾಲಿನಲ್ಲಿದ್ದ ದೊಡ್ಡಲಕ್ಷ್ಮಮ್ಮ, ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕುವ ಮುದುಕಿ, ಪರದೆಗೇ ಬುದ್ಧಿ ಹೇಳತೊಡಗಿದಳು: "ಯೋಳ್ಬುಡೋ ಮೂದೇವಿ, ತೆಪ್ಪಾಯ್ತು ಅಂತ ಯೋಳ್ಬುಡು."

ಮುದುಕ ತವರುಮನೆ ಮುಟ್ಟಿದ. ನೀಲಿ ಬಾಗಿಲು. ಒಳಗೆ ಹೆಜ್ಜೆಯ ಸದ್ದು. ಬಡಿಯಲು ಕೈ ಎತ್ತಿದ. ಪರದೆ ಕಪ್ಪಾಯಿತು. ಅಕ್ಷರಗಳು ಮೇಲಕ್ಕೆ ಹೋದವು.

ಯಾರೂ ಏಳಲಿಲ್ಲ.

"ಕರೆಂಟ್ ಓಯ್ತೇನ್ಲಾ?" ಎಂದರು ಮುನಿಶಾಮಯ್ಯ.

"ಇಲ್ಲ ಅಣ್ಣ. ಮುಗೀತು."

"ಏನ್ ಮುಗೀತು? ಇನ್ನೂ ಬಾಗ್ಲೇ ಬಡ್ದಿಲ್ವಲ್ಲ!"

"ಅಷ್ಟೇ ಅಣ್ಣ. ಕೊನೆ ನಿಮ್ಮ ಕೈಗೆ ಬಿಟ್ಟಿದ್ದಾರೆ."

ದೊಡ್ಡಲಕ್ಷ್ಮಮ್ಮ ಎದ್ದು ಬಂದು ಅಂಗೈ ಚಾಚಿದಳು. "ಕೊಡು."

"ಏನವ್ವಾ?"

"ಕೈಗೇ ಕೊಡ್ತಾರೆ ಅಂತ ನೀನೇ ಯೋಳ್ದಲ್ಲ, ಕೊಡು ಮತ್ತೆ. ಆ ಎಣ್ಣು ಬಾಗ್ಲು ತೆಗುದ್ಲೋ ಇಲ್ವೋ?"

ಪ್ರಕಾಶ ಅಷ್ಟೇ ಎಂದು ಬಾಯಲ್ಲಿ ಹೇಳಿದನೇ ಹೊರತು ಕೊನೆಯನ್ನು ಅವನೂ ಕಂಡವನಲ್ಲ. ನಿಜಕ್ಕೂ ಇಷ್ಟೇನಾ, ಅಥವಾ ಪೆನ್‌ಡ್ರೈವಿನಲ್ಲಿ ಜಾಗ ಸಾಲದೆ ಮಿಕ್ಕಿದ್ದು ಉದುರಿಹೋಯಿತಾ? ಗಡ್ಡದವರಿಗೆ ಫೋನ್ ಮಾಡಿದ. ಅವರು, "ಆ ಬಾಗಿಲು ನಿಮ್ಮೊಳಗಿದೆ" ಎಂದು ಹೇಳಿ ಇಟ್ಟುಬಿಟ್ಟರು. ಪ್ರಕಾಶ ಅದನ್ನೇ ಮೈಕಿನಲ್ಲಿ ಹೇಳಿದ. ಅದು ಹೇಳಬಾರದ ಮಾತಾಗಿತ್ತು.

"ಅಂಗಾದ್ರೆ ಇವನತ್ರನೇ ಐತೆ!" ಎಂದು ಯಾರೋ ಕೂಗಿದರು. ಅಲ್ಲಿಂದ ಊರಿನ ಬಾಯಿಗೆ ಬೀಗ ಹಾಕುವವರಿರಲಿಲ್ಲ. ಜನರೇಟರಿನ ಡೀಸೆಲ್ ಉಳಿಸಲು ಪ್ರಕಾಶ ಕ್ಲೈಮ್ಯಾಕ್ಸ್ ಕತ್ತರಿಸಿದನೆಂದು ಒಂದು ಬೀದಿ ಹೇಳಿತು. ಕತ್ತರಿಸಿದ್ದನ್ನು ಚನ್ನಪಟ್ಟಣದ ಒಂದು ಮದುವೆಗೆ ಕೊಟ್ಟಿದ್ದಾನೆಂದು ಇನ್ನೊಂದು ಬೀದಿ ಹೇಳಿತು.

ಮರುದಿನ ಬೆಳಗ್ಗೆ ಡೇರಿಯ ಮುಂದೆ ಹೆಂಗಸರ ಸಾಲು ಎಂದಿನಂತೆಯೇ ಇತ್ತು. ಕ್ಯಾನುಗಳೂ ತುಂಬಿದ್ದವು. ಆದರೆ ಯಾರೂ ಹಾಲು ಸುರಿಯಲಿಲ್ಲ. ದೊಡ್ಡಲಕ್ಷ್ಮಮ್ಮ ತನ್ನ ಕ್ಯಾನಿನ ಮುಚ್ಚಳದ ಮೇಲೆ ಕೂತು ಘೋಷಿಸಿದಳು: "ಬಾಗ್ಲು ತೆಗುದ್ಲೋ ಇಲ್ವೋ ತಿಳಿಯೋಗಂಟ ಒಂದ್ ತೊಟ್ಟು ಆಲು ಆಕಾಕಿಲ್ಲ. ಮನೇಲಿ ಮೊಸ್ರು ಮಾಡ್ಕೋತೀವಿ, ತುಪ್ಪ ಕಾಯ್ಸ್ಕೋತೀವಿ."

ಹಾಲಿನ ಲಾರಿ ಬಂದು ಹಾರ್ನ್ ಹೊಡೆದು ಖಾಲಿ ಹೋಯಿತು. ಹಿಂದೆಯೇ ಬೈಕಿನಲ್ಲಿ ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಮಧುಕುಮಾರ್ ಬಂದರು. ಪಶು ಆಹಾರ ಸರಿಯಿಲ್ಲವೇ, ಕಾಲುಬಾಯಿ ಜ್ವರವೇ, ಫ್ಯಾಟ್ ಅಳೆಯುವ ಯಂತ್ರ ಕೆಟ್ಟಿದೆಯೇ ಎಂದು ಸಾಲಾಗಿ ಕೇಳಿದರು.

"ಅದೆಲ್ಲಾ ಸರಿಯಾಗೈತೆ ಸಾ" ಎಂದರು ಮುನಿಶಾಮಯ್ಯ. "ಇರಾನ್‌ನಾಗೆ ಒಬ್ಬಮ್ಮ ಬಾಗ್ಲು ತೆಗ್ದಿಲ್ಲ."

ಮಧುಕುಮಾರ್ ಹೆಲ್ಮೆಟ್ ತೆಗೆದರು. "ನಾನು ಮೇಲಕ್ಕೆ ಏನಂತ ರಿಪೋರ್ಟ್ ಬರೀಲಿ ಅಧ್ಯಕ್ಷರೇ? ಅಂತಾರಾಷ್ಟ್ರೀಯ ಕಾರಣ ಅಂತಲಾ?" ಎಂದವರು ಪೂರ್ತಿ ಕತೆ ಕೇಳಿಸಿಕೊಂಡರು. ಕೇಳಿಸಿಕೊಂಡು, ತಡೆಯಲಾರದೆ, "ಅಲ್ಲಾ, ತೆಗೆದಳಾ ಇಲ್ವಾ?" ಎಂದು ತಾವೂ ಕೇಳಿಬಿಟ್ಟರು. ಅಲ್ಲಿಗೆ ಒಕ್ಕೂಟದ ಕಡೆಯ ಆಸರೆಯೂ ಪ್ರಕಾಶನಿಗೆ ತಪ್ಪಿತು.

ಮಧ್ಯಾಹ್ನ ಡೇರಿಯ ಅಂಗಳದಲ್ಲೇ ನ್ಯಾಯ ಸೇರಿತು. ಪ್ರಕಾಶನದ್ದೇ ಶಾಮಿಯಾನ, ಪ್ರಕಾಶನದ್ದೇ ಕುರ್ಚಿ, ಪ್ರಕಾಶನೇ ಆರೋಪಿ. ಸಾಕ್ಷಿಗೆ ಅಮೀರ್‌ನನ್ನೂ ಕರೆಸಿದ್ದರು. ಕೊನೆ ಕಳೆದುಹೋಗಿದ್ದರೆ ಹೋಗಲಿ, ಊರೇ ಕೂತು ಒಂದು ಕೊನೆ ತೀರ್ಮಾನಿಸೋಣ ಎಂದರು ಮುನಿಶಾಮಯ್ಯ. ತೆಗೆದಳು ಅಂತಲೇ ಇಟ್ಟುಕೊಳ್ಳೋಣ ಎಂದರು ಗಂಡಸರು.

"ಯಾಕ್ ತೆಗೀಬೇಕು?" ಎಂದು ದೊಡ್ಡಲಕ್ಷ್ಮಮ್ಮ ತಿರುಗಿ ಬಿದ್ದಳು. "ಅಷ್ಟುದ್ದ ದಾರೀಲಿ ಆವಯ್ಯ ಒಂದ್ ಸಲನಾದ್ರೂವೆ ತೆಪ್ಪಾಯ್ತು ಅಂದ್ನಾ?"

"ಅಂದ ಅಂದ, ನಾಲ್ಕು ಸಲ ಅಂದ" ಎಂದ ಅಮೀರ್.

"ಆಣೆ ಮಾಡಿ ಯೋಳಪ್ಪ. ಅವ್ನು ಅಂದ್ನಾ, ನೀನ್ ಅಂದ್ಯಾ?"

ಅಮೀರ್ ತಲೆ ತಗ್ಗಿಸಿದ. "ನಾನೇ ಅಂದಿದ್ದು ಅಮ್ಮಾ. ಆ ಮನ್ಷ ಸುಮ್ನೆ ಕಿಟಕಿ ನೋಡ್ತಿದ್ದ. ನನಗೇ ತಡ್ಯಕ್ಕಾಗ್ಲಿಲ್ಲ."

ಹೆಂಗಸರ ಕಡೆಯಿಂದ ಒಂದು ದೊಡ್ಡ ಉಸಿರು ಬಂತು. ಕಿಟಕಿ ನೋಡುವ ಗಂಡಸರ ಪರಿಚಯ ಅವರಿಗೆಲ್ಲ ಇತ್ತು. ದೊಡ್ಡಲಕ್ಷ್ಮಮ್ಮ ನಿಧಾನವಾಗಿ ಪ್ರಕಾಶನ ಕಡೆಗೆ ತಿರುಗಿದಳು. "ಅದಿರ್ಲಿ ಕಣ್ಲಾ, ನಿನ್ನೆಡ್ತಿ ಎಲ್ಲಿ?"

ಪ್ರಕಾಶ ಅಭ್ಯಾಸಬಲದಿಂದ ದೂರದ ಬೆಟ್ಟದ ಕಡೆ ನೋಡಿದ.

"ನೋಡಿ, ನೋಡಿ, ಅವ್ನಂಗೇ ನೋಡ್ತಾವ್ನೆ! ಲೇ, ಬೀದೀಲಿ ಓಗೋರ್ನೇ ನಿಲ್ಸಿ ಸಿನಿಮಾ ತೆಗೀತಾರೆ ಅಂತ ಯೋಳ್ದಲ್ಲ? ನೀನೇ ಓಗು. ತಿಪ್ಪಸಂದ್ರಕ್ಕೆ ಓಗಿ ಬಾಗ್ಲು ಬಡಿ. ನಿನ್ನೆಡ್ತಿ ತೆಗುದ್ರೆ ಆ ಎಣ್ಣೂ ತೆಗುದ್ಲು. ತೆಗೀದಿದ್ರೆ ಇಲ್ಲ. ಅದೇ ಕೊನೆ."

"ಅವ್ವಾ, ಅದು ಕಲೆ, ಇದು ಸಂಸಾರ..."

"ಸಂಸಾರಕ್ಕಿಂತ ದೊಡ್ ಕಲೆ ಇನ್ಯಾವ್ದಲಾ?"

ಮುನಿಶಾಮಯ್ಯ ಅದನ್ನೇ ತೀರ್ಪು ಎಂದು ಸಾರಿದರು. ನಡೆದದ್ದನ್ನು ಅಮೀರ್ ಮೊಬೈಲಿನಲ್ಲಿ ತೆಗೆದು ತರಬೇಕು, ಸಂಜೆ ಹಾಲಿನ ಹೊತ್ತಿಗೆ ಪರದೆಯ ಮೇಲೆ ತೋರಿಸಬೇಕು. ವಿಸ್ತರಣಾಧಿಕಾರಿಗಳೂ ತಲೆಯಾಡಿಸಿದರು.

ಅಮೀರ್‌ನ ಓಮ್ನಿಯ ಎಡಗಡೆ ಬಾಗಿಲು ಯಾವ ಕಾಲದಲ್ಲೋ ನಗ್ಗಿಹೋಗಿತ್ತು. ರಾಮನಗರ ದಾಟಿ ಮಾಗಡಿ ರಸ್ತೆಗೆ ಬಿದ್ದ ಮೇಲೆ ಬಂಡೆ, ತಿರುವು, ಮತ್ತೆ ಬಂಡೆ. ದಾರಿಯಲ್ಲಿ ಬಸ್ಸು ತಪ್ಪಿದ ಯಾರೋ ಹತ್ತಿದರು, ಮಾತಾಡಿದರು, ಇಳಿದರು. "ಲೋ ಅಮೀರ್, ಇದೆಲ್ಲಾ ಅದರಂಗೇ ಆಯ್ತದೆ ಕಣೋ" ಎಂದ ಪ್ರಕಾಶ. "ಕೊನೆ ಮಾತ್ರ ಅದರಂಗೆ ಆಗ್ದಿರ್ಲಿ ಅಂತ ದುವಾ ಮಾಡು" ಎಂದ ಅಮೀರ್. ಇಷ್ಟು ದಿನ ಮನಸ್ಸಿನ ಅಡಿಯಲ್ಲಿ ಒತ್ತಿಟ್ಟಿದ್ದ ಹೆದರಿಕೆ ಮೇಲಕ್ಕೆ ಬಂತು. ಅವಳು ತೆಗೆಯದಿದ್ದರೆ? ಊರ ಹಾಲು ಹಾಳಾಗಲಿ, ಆ ಖಾಲಿ ಮನೆಗೆ ತಾನು ಮತ್ತೆ ಒಬ್ಬನೇ ಹೋಗಬೇಕಲ್ಲ. ಪ್ರಕಾಶ ಕೊರಳಪಟ್ಟಿ ಬಿಚ್ಚಿ ಜೇಬಿಗೆ ತುರುಕಿದ.

ಜಗಲಿಯಲ್ಲಿ ಅಂಬುಜಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಓಮ್ನಿ ಕಂಡದ್ದೇ ಸುಚಿತ್ರಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂಬುಜಮ್ಮನ ಕಣ್ಣು ಮಾತ್ರ ಅಮೀರ್‌ನ ಕೈಯಲ್ಲಿದ್ದ ಮೊಬೈಲಿನ ಮೇಲೆ ಬಿತ್ತು.

"ವಿಡಿಯೊನಾ?"

"ಹೌದಮ್ಮಾ, ಡೇರಿ ಪರದೆ ಮೇಲೆ ಬತ್ತದೆ."

"ಅಂಗಾದ್ರೆ ಮೊದ್ಲು ನನ್ದು. ಆಮೇಲೆ ಇವಯ್ಯ ಬಾಗ್ಲಾರ ಬಡ್ಕಳ್ಳಿ, ತಲೆನಾರ ಬಡ್ಕಳ್ಳಿ."

ಹಿತ್ತಿಲಿಂದ ಒಳಗೆ ಹೋಗಿ ನೇರಳೆ ಸೀರೆ ಉಟ್ಟು, ಸರ ಹಾಕಿ, ಹೂ ಮುಡಿದು ಬಂದರು. ಎಡದಿಂದ ಒಂದು, ಬಲದಿಂದ ಒಂದು, ತುಳಸಿ ಕಟ್ಟೆಯ ಮುಂದೆ ಒಂದು, ಅವರೆಕಾಯಿಯ ಮೊರ ಹಿಡಿದು ಒಂದು. ಹಸುವಿನ ಪಕ್ಕದಲ್ಲಿ ನಿಲ್ಲಿ ಅಂತ ಅಮೀರ್ ಹೇಳಿದ್ದಕ್ಕೆ ಮಾತ್ರ ಅವನನ್ನು ಸುಟ್ಟುಬಿಡುವಂತೆ ನೋಡಿದರು. ಅಷ್ಟೂ ಹೊತ್ತು ಅಳಿಯ ಬಿಸಿಲಿನಲ್ಲಿ ನಿಂತಿದ್ದ. ಕೊನೆಗೆ ಅತ್ತೆ, "ಈಗ ಓಗು" ಎಂದರು.

ಪ್ರಕಾಶ ಬಾಗಿಲ ಮುಂದೆ ಬಂದು ನಿಂತ. ಒಳಗೆ ಹೆಜ್ಜೆಯ ಸದ್ದು. ಕೈ ಎತ್ತಿದ. ಆ ಮುದುಕನ ಕೈ ಯಾಕೆ ಗಾಳಿಯಲ್ಲೇ ನಿಂತಿತು ಎಂಬುದು ಅವನಿಗೆ ಈಗ ತಿಳಿಯಿತು. ಕಣ್ಣು ಮುಚ್ಚಿಕೊಂಡು ಬಡಿದ.

"ಯಾರು?" ಎಂದಳು ಸುಚಿತ್ರಾ, ಯಾರೆಂದು ಚೆನ್ನಾಗಿ ಗೊತ್ತಿದ್ದೂ.

ಪ್ರಕಾಶನಿಗೆ ಮಾತು ಹೊರಡಲಿಲ್ಲ. ಈ ಸಲ ಆ ಮೌನ ಇರಾನಿನದಲ್ಲ, ಅವನದ್ದೇ.

"ಮಾತಾಡೋದಾದ್ರೆ ಮಾತಾಡು. ಇಲ್ದಿದ್ರೆ ಒಂಟೋಗು. ಇಲ್ಲಿ ಕಿಟಕಿ ಇಲ್ಲ, ನೋಡ್ಕಂಡು ನಿಲ್ಲಕ್ಕೆ."

"ಸುಚೀ" ಎಂದ ಪ್ರಕಾಶ. "ತಪ್ಪಾಯ್ತು ಕಣೆ. ಅತ್ತೆ ಮಖ ತೆಗೀಬೇಕಿತ್ತು. ಉಪ್ಪು ಸಾಕಾ ಅಂದಾಗ್ಲೇ ಸಾಕು ಅನ್ಬೇಕಿತ್ತು. ನೀನು ಇಲ್ಲಿಗೆ ಬಂದಾಗಿಂದ ಮನೇಲಿ ಒಂದು ಮಾತಿಲ್ಲ." ಬಾಗಿಲಿಗೆ ಹಣೆ ಆನಿಸಿದ. "ಆ ಮೌನ ಚೆನ್ನಾಗಿಲ್ಲ ಕಣೆ. ಒಂಚೂರೂ ಚೆನ್ನಾಗಿಲ್ಲ."

ಒಳಗೆ ಚಿಲಕ ಸರಿಯಿತು.

ಸಂಜೆ ಹುಣಸೆಕೊಪ್ಪಲಿನ ಡೇರಿಯ ಮುಂದೆ ಊರಿಗೆ ಊರೇ ನೆರೆದಿತ್ತು. ಲಾರಿಯ ಡ್ರೈವರ್ ಕೂಡ ಇಂಜಿನ್ ಆರಿಸಿ ಬಾನೆಟ್ಟಿನ ಮೇಲೆ ಕೂತಿದ್ದ. ಮಧುಕುಮಾರ್ ಮುಂದಿನ ಸಾಲಿನಲ್ಲಿದ್ದರು. ಅಮೀರ್ ಮೊಬೈಲನ್ನು ಪರದೆಗೆ ಜೋಡಿಸಿದ. ಮೊದಲಿಗೆ ಅಂಬುಜಮ್ಮ ಬಂದರು, ಎಡದಿಂದ. ಆಮೇಲೆ ಬಲದಿಂದ. ಹನ್ನೆರಡು ಅಡಿ ಎತ್ತರದ ಅಂಬುಜಮ್ಮ ಮೂಗುಬಟ್ಟಿನ ಹರಳು ಸಮೇತ ಊರನ್ನೆಲ್ಲ ನೋಡಿ ನಕ್ಕರು. ಜನ ಕಾದರು. ಕಡೆಗೂ ಬಾಗಿಲು ಬಂತು. ಪ್ರಕಾಶನ ಬೆನ್ನು ಬಂತು. ಅವನು ಕೈ ಎತ್ತಿದ.

ಪರದೆ ಕಪ್ಪಾಯಿತು.

"ಮೆಮೊರಿ ಫುಲ್" ಎಂದ ಅಮೀರ್, ಬಹಳ ಸಣ್ಣ ದನಿಯಲ್ಲಿ. "ಅಮ್ಮನವ್ರೇ ಎಲ್ಲಾ ತುಂಬ್ಕಂಡವ್ರೆ."

ಕುರ್ಚಿಗಳು ಹಿಂದಕ್ಕೆ ಉರುಳಿದವು. ದೊಡ್ಡಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಬಿಗಿದಳು. ಮುನಿಶಾಮಯ್ಯ ಎರಡೂ ಕೈ ಎತ್ತಿ, "ಲೇ, ಇವತ್ತು ಈ ಪರದೆ ಉಳಿಯಕಿಲ್ಲ ಕಣ್ಲಾ" ಎಂದು ಕೂಗುತ್ತಿದ್ದರು.

"ಒಸಿ ದಾರಿ ಬುಡ್ತೀರಾ?" ಎಂದು ಹಿಂದಿನಿಂದ ಒಂದು ಹೆಣ್ಣುದನಿ ಬಂತು. "ಆಲು ಕೆಡ್ತದೆ."

ಜನ ತಿರುಗಿ ನೋಡಿದರು. ಸುಚಿತ್ರಾ ಅಣ್ಣನ ಮನೆಯ ಹಸುವಿನ ಹಾಲಿನ ಕ್ಯಾನು ಹಿಡಿದು ನಿಂತಿದ್ದಳು. ಹಿಂದೆ ಪ್ರಕಾಶ, ಬರಿಗೊರಳಲ್ಲಿ, ಅವಳ ಬಟ್ಟೆಯ ಬ್ಯಾಗು ಹೊತ್ತುಕೊಂಡಿದ್ದ.

ಗದ್ದಲ ಅಲ್ಲಿಗೇ ನಿಂತಿತು. ಸುಚಿತ್ರಾ ಸಾಲಿನ ಮುಂದಕ್ಕೆ ಬಂದು ಹಾಲು ಸುರಿದಳು. ದೊಡ್ಡಲಕ್ಷ್ಮಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತನ್ನ ಕ್ಯಾನಿನ ಮುಚ್ಚಳ ತೆಗೆದಳು. "ತೆಗುದ್ಲು ಬುಡ್ರಮ್ಮಾ" ಎಂದಳು ಹಿಂದಿನವರಿಗೆ. ಮುಚ್ಚಳಗಳೆಲ್ಲ ಒಂದರ ಹಿಂದೆ ಒಂದು ತೆರೆದವು. ಡ್ರೈವರ್ ಬಾನೆಟ್ಟಿನಿಂದ ಇಳಿದ.

ಆದರೂ ಮುದುಕಿಗೆ ಸಮಾಧಾನವಿರಲಿಲ್ಲ. ಸುಚಿತ್ರಾಳ ಕಿವಿಯ ಹತ್ತಿರ ಬಂದು, "ಅದ್ಸರಿ, ಬಾಗ್ಲತ್ರ ಏನಂದವ್ವಾ ನಿನ್ ಗಂಡ?" ಎಂದು ಕೇಳಿದಳು. ಇಡೀ ಸಾಲು ಉಸಿರು ಬಿಗಿಹಿಡಿದು ಕಿವಿ ಕೊಟ್ಟಿತು. ಮಧುಕುಮಾರ್ ಎರಡು ಹೆಜ್ಜೆ ಮುಂದೆ ಬಂದರು.

ಸುಚಿತ್ರಾ ಉತ್ತರ ಕೊಡಲಿಲ್ಲ. ಖಾಲಿ ಕ್ಯಾನನ್ನು ಸೊಂಟಕ್ಕೆ ಆನಿಸಿಕೊಂಡು, ಕೈಲಾಂಚದ ರಸ್ತೆಯ ಕಡೆ ದೃಷ್ಟಿ ನೆಟ್ಟು, ತುಂಬ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಗಂಡನ ಕಡೆ ನೋಡಿ, "ಬಾ, ಸಾರಿಗಿಡ್ಬೇಕು" ಎಂದು ಮನೆಯ ಕಡೆ ನಡೆದಳು.

"ಬಂದೆ" ಎಂದ ಪ್ರಕಾಶ, ಆ ಕ್ಷಣವೇ.